ನೆಲಕ್ಕೆ ಕೂತ ಸಾಯ್ರಾಕಾನ್

ಸಾಯ್ರಾಕಾನಳ ಬಲ ಸೊಂಟದ ಕೀಲು ಸವೆದು ವರ್ಷಗಳಾಗಿದ್ದವು. ಹಟ್ಟಿಯಿಂದ ಹಾಲಿನ ಬಕೆಟ್ಟು ತರುವಷ್ಟರಲ್ಲಿ ನೋವಿಗೆ ಮುಖವೆಲ್ಲ ಬೆವರುತ್ತಿತ್ತು. ಗಂಡ ಜುಮಾಶ್ ಹಟ ಹಿಡಿದು ರಾಜಧಾನಿ ಬಿಷ್ಕೆಕ್ಕಿಗೆ ಕರೆದೊಯ್ದು ಹೊಸ ಕೀಲು ಹಾಕಿಸಿದ. ಮನೆಗೆ ಹೊರಡುವ ದಿನ ಡಾಕ್ಟರು ಅಂಥದೇ ಒಂದು ಲೋಹದ ಗುಂಡನ್ನು ಅದು ಕೂರುವ ಬಟ್ಟಲಿನಲ್ಲಿ ಆಡಿಸಿ ತೋರಿಸಿದರು.

"ನೋಡಿ ಅಮ್ಮ, ಎಷ್ಟು ಬೇಕಾದ್ರೂ ನಡೀರಿ. ಆದ್ರೆ ಮಂಡಿ ಸೊಂಟಕ್ಕಿಂತ ಮೇಲೆ ಬಂದು, ಕಾಲು ಒಳಕ್ಕೆ ತಿರುಗಿದ್ರೆ ಗುಂಡು ಹಿಂದಿನಿಂದ ಜಾರಿ ಆಚೆ ಬರುತ್ತೆ. ನೆಲದ ಮೇಲೆ ಕೂರೋದು ಇವತ್ತಿಗೆ ಮುಗೀತು."

ಅವರ ಊರು ಅಟ್-ಬಾಶಿಯಲ್ಲಿ ಊಟ, ನಿದ್ದೆ, ಜಗಳ ಎಲ್ಲವೂ ನೆಲದ ಮೇಲೆಯೇ. ಜುಮಾಶ್ ಮರ ಕೊಯ್ಯಿಸಿ ಎತ್ತರದ ಮೇಜು, ಬೆಂಚು ಮಾಡಿದ. ಕಾಲು ಇಳಿಬಿಟ್ಟು ಕೂತು ಗೊತ್ತಿಲ್ಲದ ಅವನು ಬೆಂಚಿನ ಮೇಲೂ ಚಕ್ಕಳಮಕ್ಕಳ ಹಾಕುತ್ತಿದ್ದ.

"ಏ ಮುದುಕಾ, ಬಿದ್ದು ಸೊಂಟ ಮುರ್ಕೊಂಡ್ರೆ ನಿಂಗೂ ಒಂದು ಗುಂಡು ಹಾಕಿಸ್ಬೇಕಾಗುತ್ತೆ."

"ಹಾಕಿಸು. ಇಬ್ರೂ ಕಿರುಗುಟ್ಕೊಂಡು ಹುಲ್ಲುಗಾವಲಿಗೆ ಹೋಗೋಣ."

ಆ ಬೇಸಿಗೆ ಇಬ್ಬರೂ ನಡೆದೇ ಹೋಗಿಬಂದರು. ಮರುವರ್ಷ, ಬೆಟ್ಟದಿಂದ ಕುರಿ ಇಳಿಸಿಕೊಂಡು ಬರುವಾಗ ಜುಮಾಶ್ ಎದೆ ಹಿಡಿದುಕೊಂಡು ಕುಸಿದ. ಮನೆಗೆ ತಂದಾಗ ಜೀವವಿರಲಿಲ್ಲ.

ಸಾವಿನ ಪದ್ಧತಿಯಂತೆ ಅಂಗಳದಲ್ಲಿ ಉಣ್ಣೆಯ ಗುಡಾರ ಎದ್ದಿತು. ಪರದೆಯ ಹಿಂದೆ ಅವನನ್ನು ಮಲಗಿಸಿದರು. ಹೆಂಡತಿಯಾದವಳು ಪರದೆಯ ಈಚೆ ನೆಲದ ಮೇಲೆ ಕೂತು, ಸತ್ತವನ ಗುಣ ಹಾಡಿ ಹಾಡಿ ಅಳಬೇಕು. ಸೊಸೆ ಬುರುಲ್ ಕುರ್ಚಿ ತಂದಿಟ್ಟಳು. ನಾರಿನ್ ಪಟ್ಟಣದಲ್ಲಿ ಊನವಾದ ಕಾಲುಗಳಿಗೆ ಆಸರೆಪಟ್ಟಿ ಮಾಡುವುದೇ ಅವಳ ಕೆಲಸ. ಕೀಲು ಜಾರಿದರೆ ಏನಾಗುತ್ತದೆಂದು ಬಲ್ಲಳು.

ಜುಮಾಶನ ಅಕ್ಕ ತುರ್ದುಬೂ ಕುರ್ಚಿ ಕಂಡು ಸಿಡಿದಳು. "ನಿಮ್ಮತ್ತೆ ಮದುವೆಗೆ ಬಂದಿದ್ದಾಳಾ? ನನ್ ತಮ್ಮ ಕೆಳಗೆ ಮಲಗಿದಾನೆ, ಇವಳು ಖಾನನ ಹೆಂಡ್ತಿ ಹಾಗೆ ಮೇಲೆ ಕೂರ್ಬೇಕಾ?"

"ದೊಡ್ಡತ್ತೆ, ಡಾಕ್ಟ್ರು ಹೇಳಿದಾರೆ..."

"ಡಾಕ್ಟ್ರು ಬಂದು ಅಳ್ತಾರಾ ನಮ್ ಸತ್ತೋರಿಗೆ?"

ಸಾಯ್ರಾಕಾನ್ ಕುರ್ಚಿಯನ್ನು ಕೈಯಿಂದ ಸರಿಸಿದಳು. "ಬಿಡು ಬುರುಲ್. ಅಕ್ಕ ಅಂದ್ಳು ಅಂತಲ್ಲ, ನಂಗೇ ಮನಸ್ಸು ಬರ್ತಿಲ್ಲ. ಅವ್ನು ನನಗೋಸ್ಕರ ಮೇಲೆ ಕೂತ. ನಾನು ಇವತ್ತಾದ್ರೂ ಕೆಳಗೆ ಕೂರ್ತೀನಿ."

ಬುರುಲ್ ಕೌದಿಗಳನ್ನು ಒಟ್ಟಿ, ಬಲಗಾಲು ಮುಂದಕ್ಕೆ ಚಾಚಿಸಿ ಕೂರಿಸಿದಳು. ಅವತ್ತು ಏನೂ ಆಗಲಿಲ್ಲ. ಮಾರನೆಯ ದಿನ ಹೆಣ ಎತ್ತಲು ಗಂಡಸರು ಪರದೆಯ ಹಿಂದೆ ಬಂದ ಸದ್ದಾಯಿತು. ಸಾಯ್ರಾಕಾನ್ ತಟ್ಟನೆ ತಿರುಗಿ, ಬಾಗಿ, ಪರದೆಯಡಿ ಕೈ ತೂರಿಸಿ ಗಂಡನನ್ನು ಮುಟ್ಟಲು ಹೋದಳು. ಒಳಗೆ ಕಟಕ್ ಎಂದಿತು. ಬಲಗಾಲು ಗಿಡ್ಡವಾಗಿ ಪಾದ ಒಳಕ್ಕೆ ತಿರುಗಿಕೊಂಡಿತು.

"ಅತ್ತೆ, ಜಾರಿದೆ!"

ಸಾಯ್ರಾಕಾನ್ ಅವಳ ಮಣಿಕಟ್ಟು ಹಿಡಿದಳು. ತುಟಿ ಬೆಳ್ಳಗಾಗಿತ್ತು. "ಕೂಗ್ಬೇಡ. ಕೂಗಿದ್ರೆ ಎಲ್ಲಾ ಅವ್ನನ್ನ ಬಿಟ್ಟು ನನ್ ಹತ್ರ ಓಡಿ ಬರ್ತಾರೆ. ಮೊದ್ಲು ಅವ್ನು ಹೋಗ್ಲಿ."

ನೋವು ನುಂಗಿಕೊಂಡು ಹಾಡಿದಳು. ಬುರುಲ್ ಹೊರಗೆ ಓಡಿ ಆಂಬುಲೆನ್ಸಿಗೆ ಫೋನು ಮಾಡಿದಳು. ಕಣಿವೆಯಲ್ಲಿ ಹಿಮ ಬಿದ್ದಿತ್ತು. ಗಾಡಿ ಬಂದಾಗ ಹೊತ್ತು ಮುಳುಗಿತ್ತು. ನಾರಿನ್ನಿನಲ್ಲಿ ಅರಿವಳಿಕೆ ಕೊಟ್ಟು ಗುಂಡನ್ನು ಬಟ್ಟಲಿಗೆ ಸೇರಿಸಿದರು. ಆದರೆ ಅಷ್ಟು ಹೊತ್ತು ಜಾರಿದ ಗುಂಡಿನ ಎಳೆತಕ್ಕೆ ಸಿಕ್ಕಿದ್ದ ಕಾಲಿನ ನರ ಚೇತರಿಸಿಕೊಳ್ಳಲಿಲ್ಲ. ಪಾದ ಜೋತುಬಿತ್ತು.

ಬುರುಲ್ ತಾನೇ ಅಚ್ಚು ತೆಗೆದು, ಪಾದವನ್ನು ಎತ್ತಿಹಿಡಿಯುವ ಆಸರೆ ಮಾಡಿ ತೊಡಿಸಿದಳು.

"ಬಿಗಿಯಾಯ್ತಾ ಅತ್ತೆ?"

"ಗೊತ್ತಾಗ್ತಿಲ್ಲ ಕಣೆ. ಮುಟ್ಟಿದ್ದೂ ಗೊತ್ತಾಗ್ತಿಲ್ಲ."

ಜುಮಾಶನ ನಲವತ್ತನೆಯ ದಿನದ ಕಾರ್ಯಕ್ಕೆ ಬಂದ ತುರ್ದುಬೂ ಆ ಕಾಲು ನೋಡಿ ಬಾಯಿಗೆ ತಲೆವಸ್ತ್ರದ ತುದಿ ತುರುಕಿಕೊಂಡಳು. "ನನ್ ನಾಲಿಗೆ ಬಿದ್ದುಹೋಗ್ಲಿ."

"ನೀನು ಕೂರಿಸ್ಲಿಲ್ಲ ಅಕ್ಕ. ನಾನೇ ಕೂತೆ. ಚಾ ಕುಡಿ," ಅಂದಳು ಸಾಯ್ರಾಕಾನ್.

ಹಿಮ ಕರಗಿದ ಮೇಲೆ ಗೋರಿಗೆ ಹೋಗಬೇಕೆಂದಳು. ಗೋರಿಯಿದ್ದದ್ದು ದಿಣ್ಣೆಯ ಮೇಲೆ. ರಸ್ತೆಯಲ್ಲಿ ಚೆನ್ನಾಗಿಯೇ ನಡೆದಳು. ಏರಿನಲ್ಲಿ, ಆಸರೆ ತೊಟ್ಟು ಬಗ್ಗದ ಪಾದ ಜಲ್ಲಿಯ ಮೇಲೆ ಮತ್ತೆ ಮತ್ತೆ ಜಾರಿತು. ಅರ್ಧಕ್ಕೆ ನಿಂತಳು.

"ಬಗ್ಗೋ ಹಾಗೆ ಇನ್ನೊಂದು ಮಾಡ್ಕೊಡ್ತೀನಿ ಅತ್ತೆ."

"ಮಾಡು." ಆಮೇಲೆ ದಿಣ್ಣೆಯ ಕಡೆ ಮುಖ ಎತ್ತಿ ಜೋರಾಗಿ ಕೂಗಿ ಹೇಳಿದಳು: "ಕೇಳಿಸ್ತಾ? ಇಲ್ಲೀತನಕ ಬಂದಿದ್ದೆ!"

ಬುರುಲ್ ಸೊಂಟ ಬಳಸಿ ಹಿಡಿದು, ಅವಳನ್ನು ನಿಧಾನಕ್ಕೆ ತಿರುಗಿಸಿಕೊಂಡು ಕೆಳಗಿಳಿಸಿದಳು.