ಹೊಗೆಗೂಡಿನಲ್ಲಿಟ್ಟ ಪತಂಗ

ಪತಂಗದ ಹೊಟ್ಟೆಯ ತುದಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಮುಗಿಸಿದ ಲೋಕನಾಥ ಸರ್ ಕಣ್ಣು ಉಜ್ಜಿಕೊಂಡರು.

"ಗೊತ್ತಿರುವ ಯಾವುದಕ್ಕೂ ತಾಳೆಯಾಗುವುದಿಲ್ಲ ಮಾರಾಯ್ತಿ. ರೆಕ್ಕೆ ತಾ. ಅದರ ಗೆರೆಗಳೂ ಬೇರೆಯಾಗಿದ್ದರೆ ಹೊಸ ಹೆಸರು ಇಡುವ."

ವಿಸ್ಮಿತಾ ಮೂಡುಬಿದಿರೆಯ ಕಾಲೇಜಿನಲ್ಲಿ ಲೋಕನಾಥ ಸರ್ ಅವರ ಕೈಕೆಳಗೆ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಳು. ಈ ಪತಂಗ ಸಿಕ್ಕಿದ್ದು ಚಾರ್ಮಾಡಿಯಲ್ಲಿ, ಅವಳ ಮನೆಯ ಮೇಲೆ, ನೆರೆಯ ಜತ್ತಪ್ಪಣ್ಣನ ಕಾಡುಗುಡ್ಡೆಯಲ್ಲಿ. ಒಂದೇ ಒಂದು. ಆಮೇಲೆ ಜತ್ತಪ್ಪಣ್ಣ ಜೆಸಿಬಿ ತರಿಸಿ ಗುಡ್ಡೆ ಬೋಳಿಸಿ ರಬ್ಬರ್ ಗಿಡ ನೆಟ್ಟರು. ಅವಳು ಅಲ್ಲಿ ಬಿಳಿ ಬಟ್ಟೆ ಕಟ್ಟಿ, ದೀಪವಿಟ್ಟು ಇನ್ನೊಂದಕ್ಕಾಗಿ ಎಷ್ಟೋ ಸಲ ಕಾದಳು. ಬಂದದ್ದು ಮಳೆಹುಳ ಮಾತ್ರ.

ಮೂಡುಬಿದಿರೆಯ ಬಾಡಿಗೆ ಕೋಣೆಯ ಗೋಡೆ ಮಳೆಗೆ ಒಸರುತ್ತಿತ್ತು. ಆದ್ದರಿಂದ ಹೊಟ್ಟೆಯ ತುದಿಯನ್ನು ಮಾತ್ರ ಕತ್ತರಿಸಿ ಸರ್‌ಗೆ ತಂದು, ಉಳಿದ ಪತಂಗವನ್ನು ರೆಕ್ಕೆ ಬಿಡಿಸಿ ಪೆಟ್ಟಿಗೆಯಲ್ಲಿ ಸೂಜಿಯಿಂದ ಚುಚ್ಚಿ ಮನೆಯಲ್ಲೇ ಬಿಟ್ಟಿದ್ದಳು. "ಬೂಷ್ಟು ಬಾರದ ಹಾಗೆ ನೋಡ್ಕೋ ಅಮ್ಮ" ಎಂದಿದ್ದಳು.

ಶನಿವಾರ ಮನೆಗೆ ಹೋದಾಗ ಅಮ್ಮ ಪ್ರೇಮಾವತಿ ಬಟ್ಟೆ ಸುತ್ತಿದ ಪೆಟ್ಟಿಗೆಯನ್ನು ತಂದು ಕೈಯಲ್ಲಿಟ್ಟರು.

"ಒಂದು ಚೂರು ಬೂಷ್ಟಿಲ್ಲ, ನೋಡು. ಕಪಾಟಿನಲ್ಲಿ ನಿನ್ನ ಅಪ್ಪನ ಬೆಲ್ಟಿಗೇ ಬಂದಿತ್ತು. ಅದಕ್ಕೆ ಇದನ್ನು ಹೊಗೆಗೂಡಿನಲ್ಲಿಟ್ಟೆ."

ರಬ್ಬರ್ ಶೀಟು ಒಣಗಿಸುವ ಹೊಗೆಗೂಡು. ಮಳೆಗಾಲದಲ್ಲಿ ಆ ಮನೆಯ ಹಪ್ಪಳ, ತರಕಾರಿ ಬೀಜ, ವಿಸ್ಮಿತಾಳ ಶಾಲೆಯ ಬೂಟು ಎಲ್ಲ ಉಳಿದದ್ದು ಅಲ್ಲಿಯೇ.

ರೆಕ್ಕೆಗಳು ಬಿಡಿಸಿಟ್ಟ ಹಾಗೆಯೇ ಇದ್ದವು. ಹಸಿರು ಹೋಗಿತ್ತು, ಬೆಳ್ಳಿಯ ಗೆರೆಗಳು ಹೋಗಿದ್ದವು. ಇಡೀ ರೆಕ್ಕೆ ಶೀಟಿನ ಕಂದು ಬಣ್ಣಕ್ಕೆ ತಿರುಗಿತ್ತು. ಕುಂಚ ತಾಗಿಸಿದಳು. ಒಂದು ಅಂಚು ಮುರಿದು ಬಿತ್ತು.

"ಸರಿ ಉಂಟಲ್ಲ?"

"ಉಂಟು."

"ಮತ್ತೆ ಮುಖ ಯಾಕೆ ಹಾಗೆ?"

"ಬಸ್ಸಿನಲ್ಲಿ ನಿಂತೇ ಬಂದದ್ದು."

ಸೋಮವಾರ ಲೋಕನಾಥ ಸರ್ ಪೆಟ್ಟಿಗೆ ತೆರೆದು, "ಸುಟ್ಟ ಹಪ್ಪಳ ತಂದೆಯಾ?" ಎಂದರು. ಅವಳು ನಗಲಿಲ್ಲ. ಅವರು ಭೂತಗನ್ನಡಿ ಹಿಡಿದು ತುಂಬಾ ಹೊತ್ತು ನೋಡಿದರು.

"ಮೊಬೈಲಿನಲ್ಲಿ ಫೋಟೋ ಉಂಟು ಸರ್."

"ನೋಡಿದ್ದೇನಲ್ಲ. ಅದರಲ್ಲಿ ದೀಪದ ಬೆಳಕೇ ಕಾಣುವುದು, ಗೆರೆ ಎಲ್ಲಿ?" ಮುಚ್ಚಳ ಮೆಲ್ಲನೆ ಮುಚ್ಚಿದರು. "ಇನ್ನೊಂದು ಸಿಕ್ಕಿದರೆ ನೋಡುವ."

ಅವಳು ಪೆಟ್ಟಿಗೆ ಎತ್ತಿಕೊಂಡಳು. ಕಾಲೇಜಿನ ಸಂಗ್ರಹದಲ್ಲಿ ಹೆಸರಿಲ್ಲದವುಗಳ ಸಾಲು ಕೊನೆಯ ಡ್ರಾಯರಿನಲ್ಲಿತ್ತು. ಅಲ್ಲಿ ಚುಚ್ಚಿದಳು.

ಸಂಜೆ ಅಮ್ಮನ ಫೋನ್ ಬಂತು.

"ನಿನ್ನ ಚಿಟ್ಟೆಗೆ ಹೆಸರಿಟ್ಟಾಯಿತಾ?"

"ಇಲ್ಲಮ್ಮ. ತಡ ಉಂಟು."

"ತಡವಾದರೆ ಅಲ್ಲಿ ಇಟ್ಟು ಹಾಳು ಮಾಡಬೇಡ, ಇಲ್ಲಿಗೆ ತಾ. ಹೊಗೆಗೂಡಿನಲ್ಲಿ ಜಾಗ ಉಂಟು."

"ಆಯ್ತಮ್ಮ," ಎಂದಳು ವಿಸ್ಮಿತಾ.