ಆರು, ಒಂದು, ಮೂರು

ಕಿಟಕಿಯ ಗಾಜು ಅಲುಗಾಡುತ್ತಿದೆ, ಅದರೊಳಗೆ ಮಧುಗಿರಿಯ ಬೋಳು ಬೆಟ್ಟವೂ ಅಲುಗಾಡುತ್ತಿದೆ, ನಾಲ್ಕು ಗಂಟೆಯ ಬಿಸಿಲಲ್ಲಿ ಅಷ್ಟು ದೊಡ್ಡ ಬಂಡೆ ಮೈ ಕುಲುಕಿಸಿ ನಗುತ್ತಿರುವ ಹಾಗೆ, ಬಂಡೆಯೇ ನಗುತ್ತಿದೆಯೋ ತಾನೇ ನಗುತ್ತಿದ್ದಾಳೋ ವನಜಾಗೆ ತಿಳಿಯಲಿಲ್ಲ, ಕಂಡಕ್ಟರ್ ಬಂದು ಏನ್ ಮೇಡಂ ಇವತ್ತು ಬಾಳ ಖುಷಿಯಾಗಿದ್ದೀರಾ, ಮಿಡಿಗೇಶಿಗೇ ತಾನೆ ಅಂದ ಮೇಲೆ ಗೊತ್ತಾಯಿತು, ನಗುತ್ತಿರುವುದು ತಾನೇ — ಹೂಂ ಮಿಡಿಗೇಶಿಗೇ ಕಣಪ್ಪ, ಇನ್ನೆಲ್ಲಿಗೆ. ಏನಂತ ಹೇಳುವುದು ಅವನಿಗೆ, ಜೈಲಿನೊಳಗಿನ ಮಾತು ಜೈಲಿನೊಳಗೇ ಇರಬೇಕು, ಹನ್ನೊಂದು ವರ್ಷದಿಂದ ವಾರ್ಡರ್, ಮೂರು ವರ್ಷದಿಂದ ಹೈ ಸೆಕ್ಯುರಿಟಿ ವಿಭಾಗದ ಹೆಂಗಸರ ಕಡೆ, ಅಲ್ಲಿ ಅವಳಿಗಿರುವುದು ಒಂದೇ ಕೆಲಸ, ಒಳಗಿರುವವರು ಒಬ್ಬರಿಗೊಬ್ಬರು ಕದ್ದು ಸುದ್ದಿ ಮುಟ್ಟಿಸಬಾರದು, ಅಷ್ಟೇ. ಸೋಪಿನೊಳಗಿನ ಸಿಮ್ ಹಿಡಿದವಳು, ಚಪಾತಿಯ ಮಡಿಕೆಯಲ್ಲಿದ್ದ ಚೀಟಿ ಹಿಡಿದವಳು, ರವಿಕೆಯ ಹೊಲಿಗೆ ಬಿಚ್ಚಿ ಪೆನ್ಸಿಲ್ ತುಂಡು ತೆಗೆದವಳು, ಮೇಲೆ ಕ್ಯಾಮೆರಾ, ಗೋಡೆಗೆ ಜಾಮರ್, ಎಲ್ಲ ಇದೆ — ಆದರೆ ಬಟ್ಟೆ ಒಗೆಯುವ ಸದ್ದನ್ನು ಯಾವ ಜಾಮರ್ ತಡೆಯುತ್ತದೆ?

ನಿನ್ನೆ ಬೆಳಿಗ್ಗೆ ಹತ್ತಕ್ಕೆ ಗೋಡೆಯ ಆಚೆಯಿಂದ ಧಪ್ ಧಪ್ ಧಪ್, ಆಚೆ ಅಂಗಳದಲ್ಲಿ ಮಂಗಳಾ, ಈಚೆ ಅಂಗಳದಲ್ಲಿ ಅವಳ ತಾಯಿ ಓಬಳಮ್ಮ, ಪುರವರದ ಕಡೆಯವರು, ಬದುವಿನ ಜಗಳದಲ್ಲಿ ಒಬ್ಬ ಸತ್ತ, ತಾಯಿ ಮಗಳು ಇಬ್ಬರ ಮೇಲೂ ಕೇಸು, ಸಾಕ್ಷಿಗಳನ್ನು ಯಾರೋ ಹೆದರಿಸಿದರಂತೆ, ಹಾಗಾಗಿ ವಿಚಾರಣೆ ಮುಗಿಯುವತನಕ ಇಬ್ಬರೂ ಒಂದು ಮಾತೂ ಆಡಬಾರದೆಂದು ಕೋರ್ಟು ಹೇಳಿದೆ, ಎರಡು ವರ್ಷವಾಯಿತು. ಬೇರೆಯವರಿಗಾದರೆ ಅದು ಬರೀ ಸೀರೆ ಒಗೆಯುವ ಸದ್ದು. ವನಜಾಗಲ್ಲ, ಅವಳವ್ವ ಪುಟ್ಟಕ್ಕ ಮಿಡಿಗೇಶಿ ಕೆರೆಯ ಕಲ್ಲಿನ ಮೇಲೆ ಊರಿನ ಅರ್ಧ ಬಟ್ಟೆ ಒಗೆದವಳು, ತೋಳು ಸೋತಾಗ ಸದ್ದು ಸೋಲುತ್ತದೆ, ಉಸಿರು ತಿರುಗಿದಾಗ ಸದ್ದು ತಿರುಗುತ್ತದೆ, ಒಗೆಯುವವರು ಎಣಿಸಿಕೊಂಡು ಒಗೆಯುವುದಿಲ್ಲ — ಇದು ಎಣಿಸಿದ ಸದ್ದು. ಆರು. ಗಪ್ಪನೆ ನಿಂತಿತು. ಒಂದು. ನಿಂತಿತು. ಮೂರು. ಮತ್ತೆ ಮೊದಲಿಂದ ಆರು, ಒಂದು, ಮೂರು, ಈಚೆ ಓಬಳಮ್ಮನ ಕೈಯಲ್ಲಿದ್ದ ಸೀರೆ ಹಾಗೇ ನೀರು ಸುರಿಸುತ್ತ ನಿಂತುಬಿಟ್ಟಿತು, ಆಮೇಲೆ ಮುದುಕಿ ಒದ್ದೆ ಸೀರೆಯನ್ನು ಎದೆಗವಚಿಕೊಂಡು ಹಲ್ಲಿಲ್ಲದ ಬಾಯಿ ತುಂಬ ನಕ್ಕಿತು. ಸಿಕ್ಕಿಬಿದ್ದೆ ಅಜ್ಜಿ, ಅಂದುಕೊಂಡಳು ವನಜಾ, ಒಳಗೊಳಗೇ ಹೆಮ್ಮೆ, ಹೋಗಿ ವರದಿ ಬರೆದಳು.

ಸೂಪರಿಂಟೆಂಡೆಂಟ್ ನರಸಿಂಹರಾಜು ಸಾಹೇಬರು ವರದಿ ಓದಿ ಕುರ್ಚಿಯಿಂದ ಎದ್ದೇಬಿಟ್ಟರು, ಗುಡ್ ವನಜಾ, ಕ್ಯಾಮೆರಾಗಳು ಮಾಡದ್ದನ್ನ ನೀನು ಮಾಡ್ದೆ ಅಂದರು, ಆರು ಒಂದು ಮೂರು ಅಂದ್ರೆ ಏನು, ಗಾಡಿ ನಂಬರ್ರಾ, ಆರನೇ ತಾರೀಕು ಹದಿಮೂರು ಗಂಟೆಗಾ, ಅವತ್ತೇ ಅಲ್ಲವಾ ಕೋರ್ಟಿಗೆ ಕರ್ಕೊಂಡು ಹೋಗೋದು — ಗೋಡೆಯ ಕ್ಯಾಲೆಂಡರು ಎಳೆದು ನೋಡಿ ಬೆವರಿದರು, ತಾಯಿಯನ್ನು ನಾಳೆಯೇ ಬೇರೆ ಜಿಲ್ಲೆಯ ಜೈಲಿಗೆ ಕಳಿಸಿ, ಮಗಳಿಗೆ ಭೇಟಿ ಬಂದ್ ಮಾಡಿ ಅಂತ ಆದೇಶ ಟೈಪಾಯಿತು. ಹೆಮ್ಮೆ ಎಲ್ಲಿ ಹೋಯಿತೋ, ರಾತ್ರಿಯೆಲ್ಲ ಕಣ್ಣ ಮುಂದೆ ಎದೆಗವಚಿದ ಆ ಒದ್ದೆ ಸೀರೆ, ತಪ್ಪಿಸಿಕೊಂಡು ಓಡಿಹೋಗುವವರು ಹಾಗೆ ನಗುತ್ತಾರಾ?

ಇವತ್ತು ಹನ್ನೊಂದು ಗಂಟೆಗೆ ವ್ಯಾನು ಬಂದು ನಿಂತಿತ್ತು, ಓಬಳಮ್ಮ ಬಟ್ಟೆಗಂಟು ಕಟ್ಟುತ್ತಿದ್ದಳು, ಎಲ್ಲಿಗೆ ಅಂತ ಕೇಳಲೂ ಇಲ್ಲ, ವನಜಾ ಸಹಿ ಹಾಕಿಸಲು ಗೇಟಿಗೆ ಹೋದಳು, ಅಲ್ಲಿ ಕಿಟಕಿಯ ಕಟ್ಟೆಯ ಮೇಲೆ ಯಾರೋ ಬಿಟ್ಟುಹೋದ ಪೇಡದ ಡಬ್ಬಿ, ಇರುವೆ ಸಾಲು — ಪೇಡ! ಮೊನ್ನೆ ಮಂಗಳಾಳ ಮಗಳು ಸ್ಪಂದನಾ ಬಂದಿದ್ದಳು, ಕೋರ್ಟಿನ ಅನುಮತಿ ತಾಯಿಯನ್ನು ನೋಡುವುದಕ್ಕೆ ಮಾತ್ರ, ಅಜ್ಜಿಯನ್ನಲ್ಲ, ಸಿಹಿ ಒಳಗೆ ಬಿಡಲಿಲ್ಲವೆಂದು ಡಬ್ಬಿ ಇಲ್ಲೇ ಇಟ್ಟಿದ್ದಳಂತೆ, ಗೇಟಿನ ನಾಗಲಿಂಗಯ್ಯ ಹೇಳಿದ, ಎಸ್ಸೆಲ್ಸಿ ರಿಸಲ್ಟ್ ಬಂತಂತಮ್ಮ ಆ ಹುಡುಗೀದು, ನಂಗೂ ಒಂದು ಕೊಟ್ಲು. ರಿಸಲ್ಟು. ಆರುನೂರ ಇಪ್ಪತ್ತೈದಕ್ಕೆ. ಆರು, ಒಂದು, ಮೂರು. ಅಯ್ಯೋ ದೇವರೇ, ವನಜಾ ಓಡಿದಳು, ಖಾಕಿ ಹಾಕಿ ಇಷ್ಟು ವರ್ಷದಲ್ಲಿ ಹಾಗೆ ಓಡಿದ್ದಿಲ್ಲ, ವ್ಯಾನಿನ ಡ್ರೈವರಿಗೆ ಒಂದ್ನಿಮಿಷ ನಿಲ್ಲಪ್ಪಾ ಅಂತ ಕೂಗುತ್ತ, ಸಾಹೇಬರ ಬಾಗಿಲು ತಟ್ಟದೆ ಒಳಗೆ ನುಗ್ಗಿ, ಸಾರ್ ಅದು ಗಾಡಿ ನಂಬರಲ್ಲ ಸಾರ್, ಮಾರ್ಕ್ಸು!

ಸಾಹೇಬರು ನಂಬಲಿಲ್ಲ, ಶಾಲೆಯ ಹೆಡ್‌ಮಾಸ್ಟರಿಗೆ ಫೋನು ಹಚ್ಚಿದರು, ಆ ಕಡೆಯ ದನಿ ವನಜಾಗೂ ಕೇಳುವಷ್ಟು ಜೋರಾಗಿತ್ತು, ಹೌದು ಸಾರ್ ಆರ್ನೂರ ಹದಿಮೂರು ಸಾರ್, ನಮ್ಮ ಶಾಲೇಲಿ ಇಂಥಾ ಮಾರ್ಕ್ಸೇ ಬಂದಿರಲಿಲ್ಲ, ಫೋಟೊ ಕಳಿಸ್ಲಾ ಸಾರ್ — ಸಾಹೇಬರು ಫೋನಿಟ್ಟು ಆರನೇ ತಾರೀಕು ಹದಿಮೂರು ಗಂಟೆ ಅಂತ ಒಮ್ಮೆ ಹೇಳಿಕೊಂಡರು, ನಗು ತಡೆಯಲು ಹೋಗಿ ಕೆಮ್ಮು ಬಂದು ಕಣ್ಣಲ್ಲಿ ನೀರು ಬಂತು. ಆದೇಶ ಹರಿದರು. ಆದರೂ ತಪ್ಪು ತಪ್ಪೇ ಕಣಮ್ಮ, ಇವತ್ತು ಮಾರ್ಕ್ಸು, ನಾಳೆ ಇನ್ನೇನೋ, ಇನ್ನು ಮೇಲೆ ತಾಯಿ ಬೆಳಿಗ್ಗೆ ಒಗೀಲಿ, ಮಗಳು ಮಧ್ಯಾಹ್ನ ಒಗೀಲಿ ಅಂದರು, ವನಜಾ ಸರಿ ಸಾರ್ ಅಂದಳು, ಅದು ಸರಿಯೇ, ಅವಳ ಕೆಲಸವೇ ಅದು. ಆಮೇಲೆ ಪ್ರಿಂಟರಿನಿಂದ ಬಂದ, ಹುಡುಗಿಯ ಫೋಟೊ ಇದ್ದ ಹಾಳೆಯನ್ನು ಅವಳ ಕೈಗಿಟ್ಟರು, ಹೋಗು, ಅಜ್ಜಿಗೆ ಇಲಾಖೆಯ ಕಡೆಯಿಂದಲೇ ಸುದ್ದಿ ಹೇಳು.

ಅಜ್ಜೀ, ಗಂಟು ಬಿಚ್ಚು, ಎಲ್ಲಿಗೂ ಹೋಗಂಗಿಲ್ಲ, ನಿನ್ ಮೊಮ್ಮಗಳು ಪಾಸಾಗವಳೆ, ಆರ್ನೂರ ಹದಿಮೂರು! ಹೌದಾ ನಮ್ಮವ್ವಾ, ಆರ್ನೂರ ಹದಿಮೂರಾ, ಅಯ್ಯಯ್ಯೋ ನಂಗೆ ಹೆಂಗೆ ಗೊತ್ತಾಗ್ಬೇಕು — ಓಬಳಮ್ಮ ಗಲ್ಲಕ್ಕೆ ಕೈಯಿಟ್ಟು ಬೆರಗಾದಳು, ನಾಟಕದ ಕಂಪನಿಯವರು ನೋಡಿದ್ದರೆ ಬಿಡುತ್ತಿರಲಿಲ್ಲ, ವನಜಾ ಕೂಡ ಈಗಷ್ಟೇ ತಿಳಿದವಳ ಹಾಗೆ ಹೂಂ ಅಂತೀನಿ ಅಂದಳು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು, ನಗು ಬಂದೇ ಬಂತು. ಆಮೇಲೆ ಹಾಳೆ ಕೊಟ್ಟಳು. ಮುದುಕಿಯ ನಗು ಅಲ್ಲೇ ನಿಂತಿತು. ಎರಡು ವರ್ಷವಾಗಿತ್ತು ಹುಡುಗಿಯ ಮುಖ ಕಂಡು. ಇವಳು ಕನ್ನಡ್ಕ ಯಾವಾಗ ಹಾಕ್ಕಂಡ್ಲವ್ವಾ, ಅಂದಳು ಮೆಲ್ಲಗೆ, ಅದನ್ನ ಯಾರೂ ಹೇಳ್ಲಿಲ್ವಲ್ಲ.

ಮಿಡಿಗೇಶೀ, ಯಾರ್ರೀ ಮಿಡಿಗೇಶಿ, ಕಂಡಕ್ಟರ್ ಕೂಗುತ್ತಿದ್ದಾನೆ, ಏಳಬೇಕು, ಏಳುತ್ತೇನೆ — ಆದರೆ ಆ ಸೆರಗು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಮುದುಕಿ ಹಾಳೆಯ ಮೇಲಿನ ಆ ಪುಟ್ಟ ಕನ್ನಡಕವನ್ನು ಒರೆಸುತ್ತಿದ್ದಾಳೆ, ಮೊದಲು ಎಡಗಣ್ಣಿನ ಗಾಜು, ಬಾಯಿಂದ ಹಬೆ ಊದಿ, ಆಮೇಲೆ ಬಲಗಣ್ಣಿನದು, ಹುಡುಗಿಗೆ ಚೆನ್ನಾಗಿ ಕಾಣಲಿ ಅಂತ