ತೊಟ್ಟಿಯ ನೀರು ತಣ್ಣಗಿತ್ತು

ಆಸ್ಪತ್ರೆಯಲ್ಲಿ ಅವನನ್ನು ಎಲ್ಲರೂ ದಶಮಾಂಶ ಎನ್ನುತ್ತಿದ್ದರು. ಕ್ಯಾನ್ಸರ್ ರೋಗಿಗಳಿಗೆ ಕೊಡುವ ಎಲೆಕ್ಟ್ರಾನ್ ಕಿರಣದ ಪ್ರಮಾಣ ಅಳೆಯುವುದು ಅವನ ಕೆಲಸ. ಚಹಾಕ್ಕೆ ಸಕ್ಕರೆ ಎಷ್ಟೆಂದರೂ "ಒಂದೂಕಾಲು ಚಮಚ" ಎನ್ನುವುದು ಅವನ ಜಾಯಮಾನ. ಆ ಹೆಸರನ್ನು ಬಿರುದೆಂದೇ ತಿಳಿದು ಬೀಗುತ್ತಿದ್ದ. ಅದು ಗೇಲಿ ಕಣ್ರೀ ಎಂದು ಹೆಂಡತಿ ಹೇಳಿದರೂ ನಂಬಿರಲಿಲ್ಲ.

ಅಂದು ತಿಂಗಳ ತಪಾಸಣೆ. ನೀರು ತುಂಬಿದ ತೊಟ್ಟಿಯೊಳಗೆ ಅಳತೆಯ ಪುಟ್ಟ ಚೇಂಬರ್ ಇಳಿಸಿ ಕಿರಣ ಬಿಟ್ಟ. ಲೆಕ್ಕ ಹಾಕಿದರೆ ಇರಬೇಕಾದ್ದಕ್ಕಿಂತ ಎರಡು ಪರ್ಸೆಂಟ್ ಹೆಚ್ಚು! ಮೂರು ಸಲ ಅಳೆದರೂ ಅಷ್ಟೇ. ಗಾಬರಿಯಾಗುವ ಬದಲು ಅವನಿಗೆ ಒಳಗೊಳಗೇ ಖುಷಿಯಾಯಿತು. ಯಂತ್ರದ ತಪ್ಪನ್ನೇ ಹಿಡಿದ ಹುಲಿ ತಾನು!

"ರೋಗಿಗಳನ್ನ ಕಾಯೋಕೆ ಹೇಳಿ. ಮಿಷನ್ನಿನ ಪ್ರಮಾಣ ತಗ್ಗಿಸ್ಬೇಕು," ಎಂದು ಗತ್ತಿನಿಂದ ಅಪ್ಪಣೆ ಕೊಡಿಸಿದ.

ಯಂತ್ರ ನಡೆಸುವ ಅಕ್ಕ ಹೊರಗೆ ಹೋಗಿ ಹೇಳಿಬಂದು, ಚೆಲ್ಲಿದ ನೀರು ಒರೆಸತೊಡಗಿದವಳು ಕೈ ಹಿಂದೆಗೆದಳು. "ಸಾರ್, ಎಷ್ಟು ತಣ್ಣಗಿದೆ ಇದು! ಈಗ ತಾನೇ ನಲ್ಲೀಲಿ ಹಿಡಿದ್ರಾ?"

ಅವನು ತನ್ನ ಲೆಕ್ಕದ ಹಾಳೆ ಎಳೆದುಕೊಂಡು ನೋಡಿದ. ಲೆಕ್ಕಕ್ಕೆ ಹಿಡಿದದ್ದು ನೀರಿನ ತಾಪವಲ್ಲ, ಗೋಡೆಯ ಥರ್ಮಾಮೀಟರು ತೋರಿಸಿದ ಇಪ್ಪತ್ತನಾಲ್ಕು ಡಿಗ್ರಿ. ನೀರಿಗೆ ಇನ್ನೊಂದನ್ನು ಅದ್ದಿ ನೋಡಿದ: ಹದಿನೆಂಟು. ಚೇಂಬರಿನೊಳಗಿನ ಗಾಳಿ ತಣ್ಣಗಾಗಿ ಒತ್ತಾದರೆ ಅಳತೆ ಹೆಚ್ಚು ಬರುತ್ತದೆಂದು ಹೋದ ವಾರ ತರಬೇತಿಗೆ ಬಂದವರ ತಲೆಯನ್ನು ಇವನೇ ಒಂದು ಗಂಟೆ ಕೊರೆದಿದ್ದ. ಯಂತ್ರ ನೆಟ್ಟಗೇ ಇತ್ತು. ತಗ್ಗಿಸಿದ್ದರೆ ಎಲ್ಲರಿಗೂ ಚಿಕಿತ್ಸೆ ಎರಡು ಪರ್ಸೆಂಟ್ ಕಮ್ಮಿ ಬೀಳುತ್ತಿತ್ತು.

"ಹೊರಗಿರೋರಿಗೆ ಏನ್ ಹೇಳ್ಲಿ? ಮಿಷನ್ ಕೆಟ್ಟಿತ್ತು ಅನ್ಲಾ?"

ಹೂಂ ಎನ್ನಲು ಅವನಿಗೆ ಒಂದು ಗಳಿಗೆ ಆಸೆಯಾಯಿತು. "ಬೇಡ ಅಕ್ಕಾ. ಕೆಟ್ಟಿದ್ದು ನನ್ನ ತಲೆ. ನಾನೇ ಹೇಳ್ತೀನಿ."

ಬೆಂಚಿನಲ್ಲಿ ಮೊದಲಿಗೆ ಕೂತಿದ್ದವರು ಕಿವಿಯ ಮೇಲೆ ಗಡ್ಡೆಯಾಗಿದ್ದ ಮುದಿ ದರ್ಜಿ. ನಡೆದದ್ದೆಲ್ಲ ತೊದಲುತ್ತ ಒಪ್ಪಿಸಿದ. ದರ್ಜಿ ಕಣ್ಣು ಕಿರಿದು ಮಾಡಿ ನೋಡಿದರು.

"ಕತ್ತರಿ ಹಾಕೋ ಮುಂಚೆ ಗೊತ್ತಾಯ್ತಲ್ಲ, ಬಿಡಪ್ಪ. ನಾನೆಷ್ಟು ಕೋಟು ಕೆಡಿಸಿದೀನೋ, ತೊಟ್ಕೊಂಡೋರಿಗೇ ಗೊತ್ತು. ಆದ್ರೆ ನೋಡು, ಈ ಕಡೆ ನಂಗಿರೋದು ಒಂದೇ ಕಿವಿ."

ನೀರು ಕೋಣೆಯ ಬಿಸುಪಿಗೆ ಬರುವ ತನಕ ಕಾದು ಮತ್ತೆ ಅಳೆದ. ಡಿಗ್ರಿಯನ್ನು ಅಕ್ಕನೇ ಓದಿ, ಅಕ್ಕನೇ ಬರೆದಳು. ಈ ಸಲ ಅಳತೆ ತಾಳೆಯಾಯಿತು. ಮಧ್ಯಾಹ್ನ ದರ್ಜಿಯನ್ನು ಒಳಗೆ ಕರೆದ ಮೇಲೆ ವರದಿ ಬರೆಯಲು ಕೂತ. 'ಕಾರಣ' ಎಂಬಲ್ಲಿ 'ತಾಪಮಾನದ ವ್ಯತ್ಯಾಸ' ಎಂದು ಚಂದವಾಗಿ ಬರೆದು, ಸ್ವಲ್ಪ ಹೊತ್ತು ನೋಡಿ, ಹೊಡೆದುಹಾಕಿ, 'ನಾನು' ಎಂದು ಬರೆದ.